ಕಿಡ್ನಿ ಕಸಿಯ ಸರದಿ: ಯಾರಿಗೆ ಮೊದಲು, ಏಕೆ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮೆದುಳು ನಿಷ್ಕ್ರಿಯಗೊಂಡ ವ್ಯಕ್ತಿಯ ಕಿಡ್ನಿಗಳನ್ನು ಕುಟುಂಬದವರು ದಾನ ಮಾಡಬಹುದೆಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ದಾನದ ಬಗ್ಗೆ ಕೇಳಿಲ್ಲ. ದಾನವಾದ ಕಿಡ್ನಿ ಯಾರ ಪಾಲಾಗುತ್ತದೆ, ಅದನ್ನು ನಿರ್ಧರಿಸುವವರು ಯಾರು ಎಂದು ಕೇಳಿವೆ. ಕೆಲವು ಪತ್ರಗಳಲ್ಲಿ ನೋವಿದೆ, ಕೆಲವದರಲ್ಲಿ ಸಿಟ್ಟಿದೆ. ಎರಡಕ್ಕೂ ಕಾರಣವಿರುವುದರಿಂದ ಈ ಸಂಚಿಕೆಯ ಪೂರ್ತಿ ಜಾಗವನ್ನು ಇದೊಂದೇ ವಿಷಯಕ್ಕೆ ಬಿಟ್ಟಿದ್ದೇನೆ.

*

ಪ್ರಶ್ನೆ: ನನ್ನ ತಮ್ಮನಿಗೆ 38 ವರ್ಷ, ರಕ್ತದ ಗುಂಪು ಓ ಪಾಸಿಟಿವ್. ನಾಲ್ಕು ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾನೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೆಸರು ನೋಂದಾಯಿಸಿದ್ದೇವೆ. ಅವನ ಪಕ್ಕದ ಹಾಸಿಗೆಯಲ್ಲೇ ಡಯಾಲಿಸಿಸ್‌ಗೆ ಮಲಗುತ್ತಿದ್ದ, ಅವನಿಗಿಂತ ತಡವಾಗಿ ಹೆಸರು ಕೊಟ್ಟವರಿಗೆ ಕಿಡ್ನಿ ಸಿಕ್ಕಿತು. ಇವನಿಗೆ ಒಂದು ಕರೆಯೂ ಬಂದಿಲ್ಲ. ದುಡ್ಡಿನ ಕೈವಾಡ ಇಲ್ಲವೆಂದು ಹೇಗೆ ನಂಬುವುದು?
— ಓದುಗರು, ಹಾವೇರಿ

ಉತ್ತರ: ನಂಬಿ ಎಂದು ಬರೀ ಬಾಯಿಮಾತಿನಲ್ಲಿ ಹೇಳುವುದಿಲ್ಲ. ಸರದಿ ಹೇಗೆ ಸಾಗುತ್ತದೆ ಎಂಬುದನ್ನು ಹೇಳುತ್ತೇನೆ, ಅದನ್ನು ಹಿಡಿದು ನೀವೇ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಾಂಗಗಳನ್ನು ಹಂಚುವ ಹೊಣೆ ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆಯದು. ಆಸ್ಪತ್ರೆ ನಿಮ್ಮ ತಮ್ಮನ ಹೆಸರನ್ನು ಕಳಿಸಿದಾಗ ಅದು ಸೇರುವುದು ಇಡೀ ರಾಜ್ಯದ ಒಂದೇ ಉದ್ದನೆಯ ಸಾಲಿಗಲ್ಲ. ರಕ್ತದ ಗುಂಪಿಗೊಂದು ಸಾಲಿದೆ, ವಲಯವನ್ನು ನೋಡಲಾಗುತ್ತದೆ, ಹೆಸರು ಕೊಟ್ಟ ಆಸ್ಪತ್ರೆಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ದೇಶದ ಹಲವು ರಾಜ್ಯಗಳಲ್ಲಿ ದಾನಿಯ ಎರಡು ಕಿಡ್ನಿಗಳಲ್ಲಿ ಒಂದು, ದಾನ ನಡೆದ ಆಸ್ಪತ್ರೆಗೆ ಕಸಿ ಮಾಡುವ ಪರವಾನಗಿ ಇದ್ದರೆ, ಅಲ್ಲಿಯ ರೋಗಿಗೆ ಸಲ್ಲುತ್ತದೆ, ಇನ್ನೊಂದು ಸಾಮಾನ್ಯ ಪಟ್ಟಿಗೆ ಹೋಗುತ್ತದೆ. ಕುಟುಂಬದವರೊಡನೆ ಕೂತು ಮಾತನಾಡಿ ದಾನಕ್ಕೆ ಒಪ್ಪಿಗೆ ಪಡೆಯುವ ಆಸ್ಪತ್ರೆಗಳಿಗೆ ಉತ್ತೇಜನ ಸಿಗಲಿ ಎಂಬುದು ಇದರ ಉದ್ದೇಶ. ಆದರೆ ಇದರಿಂದ ದಾನ ಹೆಚ್ಚು ನಡೆಯುವ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಕೊಟ್ಟವರಿಗೆ ಅನುಕೂಲವಾಗುತ್ತದೆ ಎಂಬುದನ್ನು ಮುಚ್ಚಿಡಲಾಗದು. ನಿಮ್ಮ ತಮ್ಮನ ಪಕ್ಕದಲ್ಲಿದ್ದವರು ಬೇರೆ ಆಸ್ಪತ್ರೆಯಲ್ಲಿ ಹೆಸರು ಕೊಟ್ಟಿದ್ದರೆ ಅವರ ಸಾಲೇ ಬೇರೆ.

ಓ ಗುಂಪಿನವರ ಕಷ್ಟ ಇನ್ನೊಂದು ಬಗೆಯದು. ಓ ಗುಂಪಿನ ಕಿಡ್ನಿ ರಕ್ತದ ಗುಂಪಿನ ಮಟ್ಟಿಗೆ ಯಾರಿಗಾದರೂ ಹೊಂದುತ್ತದೆ, ಓ ಗುಂಪಿನ ರೋಗಿಗೆ ಮಾತ್ರ ಓ ಬಿಟ್ಟು ಬೇರೆಯದು ಹೊಂದುವುದಿಲ್ಲ. ಅದಕ್ಕಾಗಿಯೇ ಓ ಕಿಡ್ನಿಯನ್ನು ಮೊದಲು ಓ ರೋಗಿಗೇ ಕೊಡಬೇಕೆಂಬ ನಿಯಮವಿದೆ. ಹಾಗಿದ್ದರೂ ಮನೆಯವರಿಂದಲೇ ಕಿಡ್ನಿ ಪಡೆಯುವ ಅವಕಾಶ ಓ ಗುಂಪಿನವರಿಗೆ ಕಡಿಮೆ. ಎ ಗುಂಪಿನ ಗಂಡನಿಗೆ ಓ ಗುಂಪಿನ ಹೆಂಡತಿ ಕೊಡಬಹುದು, ಓ ಗುಂಪಿನ ಗಂಡನಿಗೆ ಎ ಗುಂಪಿನ ಹೆಂಡತಿ ಕೊಡಲು ಬರುವುದಿಲ್ಲ. ಹೀಗಾಗಿ ಮೃತ ದಾನಿಗಳ ಪಟ್ಟಿಯಲ್ಲಿ ಓ ಗುಂಪಿನವರು ತಮ್ಮ ಪಾಲಿಗಿಂತ ಹೆಚ್ಚು ಮಂದಿ ಉಳಿದುಬಿಡುತ್ತಾರೆ.

ಸಾಲಿನೊಳಗೆ ಯಾರು ಮುಂದೆ ಎಂಬುದನ್ನು ಅಂಕಗಳು ತೀರ್ಮಾನಿಸುತ್ತವೆ. ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆಯಾದ ನೊಟ್ಟೊ ರೂಪಿಸಿದ ಮಾರ್ಗಸೂಚಿಯಂತೆ ಡಯಾಲಿಸಿಸ್‌ನಲ್ಲಿ ಕಳೆದ ಪ್ರತಿ ತಿಂಗಳಿಗೆ ಒಂದು ಅಂಕ. ಆರು ವರ್ಷದೊಳಗಿನ ಮಗುವಿಗೆ ಮೂರು ಅಂಕ ಹೆಚ್ಚುವರಿ. ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸುವುದು) ಮಾಡಲು ಎಲ್ಲೂ ರಕ್ತನಾಳ ಉಳಿದಿರದೆ ತಾತ್ಕಾಲಿಕ ಕೊಳವೆಯಲ್ಲಿ ಡಯಾಲಿಸಿಸ್ ನಡೆಯುತ್ತಿದ್ದರೆ ಎರಡು, ಅದರ ಬದಲು ಹಾಕಿದ ಗ್ರಾಫ್ಟ್ (ಕೃತಕ ನಾಳ) ಕೂಡ ಕೈಕೊಟ್ಟಿದ್ದರೆ ನಾಲ್ಕು. ರಾಜ್ಯಗಳು ತಮ್ಮ ಸ್ಥಿತಿಗೆ ತಕ್ಕಂತೆ ಇದರಲ್ಲಿ ಒಂದಿಷ್ಟು ಬದಲಾವಣೆ ಮಾಡಿಕೊಳ್ಳುತ್ತವೆ. ಮಾರ್ಗಸೂಚಿ ಎಣಿಸುವುದು ಡಯಾಲಿಸಿಸ್‌ನಲ್ಲಿ ಕಳೆದ ತಿಂಗಳುಗಳನ್ನು ಎಂಬುದು ನಿಮಗೆ ಮುಖ್ಯ. ಮೊದಲ ಡಯಾಲಿಸಿಸ್ ನಡೆದ ದಿನಾಂಕದ ದಾಖಲೆ ಹಾವೇರಿಯ ಕೇಂದ್ರದಲ್ಲಿ ಸಿಗುತ್ತದೆ. ಅದರ ಪ್ರತಿಯನ್ನು ಬೆಂಗಳೂರಿನ ಆಸ್ಪತ್ರೆಯ ಕಸಿ ಸಂಯೋಜಕರಿಗೆ ಕೊಟ್ಟು, ಪಟ್ಟಿಯಲ್ಲಿ ಯಾವ ದಿನಾಂಕ ದಾಖಲಾಗಿದೆ ಎಂದು ಕೇಳಿ.

ಇನ್ನು ಕರೆ ಬಂದ ರಾತ್ರಿಯ ಮಾತು. ದಾನಿಯ ಕುಟುಂಬ ಒಪ್ಪಿದ ಮೇಲೆ ಸಾಲಿನ ಮುಂದಿರುವ ಒಬ್ಬರನ್ನಷ್ಟೇ ಅಲ್ಲ, ಹಲವರನ್ನು ಒಟ್ಟಿಗೆ ಕರೆಸುತ್ತಾರೆ. ಎಲ್ಲರ ರಕ್ತ ತೆಗೆದು, ದಾನಿಯ ಜೀವಕೋಶಗಳ ಜೊತೆ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಗೆ ಕೆಲವು ಗಂಟೆ ಹಿಡಿಯುತ್ತದೆ. ರೋಗಿಯ ರಕ್ತದಲ್ಲಿರುವ ಪ್ರತಿಕಾಯಗಳು ಆ ಜೀವಕೋಶಗಳನ್ನು ಕೊಂದರೆ ಆ ಕಿಡ್ನಿ ಅವರಿಗಿಲ್ಲ, ಎಷ್ಟೇ ಅಂಕವಿದ್ದರೂ ಇಲ್ಲ. ಮೊದಲನೆಯವರಿಗೆ ಜ್ವರವಿದೆ, ಎರಡನೆಯವರ ಕ್ರಾಸ್‌ಮ್ಯಾಚ್ ಕೂಡಲಿಲ್ಲ, ಮೂರನೆಯವರ ಫೋನ್ ಸ್ವಿಚ್ ಆಫ್ ಆಗಿತ್ತು ಎಂದು ನಾಲ್ಕನೆಯವರು ಆಪರೇಷನ್ ಥಿಯೇಟರ್‌ಗೆ ಹೋಗುವುದು ಅಪರೂಪದ ಸಂಗತಿಯಲ್ಲ. ರಾತ್ರಿ ಹನ್ನೊಂದಕ್ಕೆ ಕರೆ ಬಂದರೆ ಹಾವೇರಿಯಿಂದ ಹೊರಟವರು ಬೆಂಗಳೂರು ತಲುಪುವುದು ಬೆಳಗಿನ ಜಾವಕ್ಕೆ. ಯಶವಂತಪುರದಲ್ಲಿ ಮನೆಯಿರುವವರು ಅರ್ಧ ಗಂಟೆಯಲ್ಲಿ ಬಂದಿರುತ್ತಾರೆ. ಅಂಕಪಟ್ಟಿಯಲ್ಲಿ ಎಲ್ಲೂ ಬರೆದಿರದ ಅಸಮಾನತೆ ಇದು, ಮತ್ತು ನನ್ನನ್ನು ಅತಿಯಾಗಿ ಕಾಡುವುದೂ ಇದೇ.

ದುಡ್ಡಿನ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಅನುಮಾನಕ್ಕೆ ಇತಿಹಾಸದ ಆಧಾರವಿದೆ. 1990ರ ದಶಕದಲ್ಲಿ ಕಿಡ್ನಿ ಮಾರಾಟದ ಜಾಲ ಬಯಲಾದ ಊರುಗಳಲ್ಲಿ ಬೆಂಗಳೂರೂ ಒಂದು. ಅಂಥ ಪ್ರಕರಣಗಳಿಂದಲೇ 1994ರ ಅಂಗಾಂಗ ಕಸಿ ಕಾಯ್ದೆ ಬಂತು. 2011ರ ತಿದ್ದುಪಡಿಯ ನಂತರ ಅಂಗಾಂಗ ಮಾರಾಟಕ್ಕೆ ಐದರಿಂದ ಹತ್ತು ವರ್ಷ ಜೈಲು, ಇಪ್ಪತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ಆ ದಂಧೆ ನಡೆದದ್ದು ಜೀವಂತ ದಾನಿಗಳ ಹೆಸರಿನಲ್ಲಿ, ಬಡವರನ್ನು ನೆಂಟರೆಂದು ಕಾಗದದಲ್ಲಿ ತೋರಿಸಿ. ಮೃತ ದಾನಿಯ ಕಿಡ್ನಿ ಹಂಚುವಾಗ ಹೆಸರುಗಳ ಕ್ರಮ ಆಸ್ಪತ್ರೆಯ ಹೊರಗಿನ ಸಂಸ್ಥೆಯಲ್ಲಿ ಸಿದ್ಧವಾಗುತ್ತದೆ. ನಿಮ್ಮ ತಮ್ಮನ ನೋಂದಣಿ ಸಂಖ್ಯೆ ಏನು, ಅವನ ಹೆಸರು ಈಗ ಸಕ್ರಿಯವಾಗಿದೆಯೇ ಅಥವಾ ಯಾವುದೋ ಪರೀಕ್ಷೆ ಬಾಕಿಯಿದೆಯೆಂದು ತಡೆಹಿಡಿಯಲಾಗಿದೆಯೇ, ಈ ಎರಡು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ. ಹೆಸರು ತಡೆಹಿಡಿದಿರುವುದು ಮನೆಯವರಿಗೆ ಗೊತ್ತೇ ಇಲ್ಲದೆ ತಿಂಗಳುಗಟ್ಟಲೆ ಕಳೆಯುವುದುಂಟು.

*

ಪ್ರಶ್ನೆ: ನಾನು ಕಾಲೇಜು ಉಪನ್ಯಾಸಕ. 68 ವರ್ಷದವರೊಬ್ಬರಿಗೆ ಮೃತ ದಾನಿಯ ಕಿಡ್ನಿ ಕಸಿಯಾಯಿತೆಂದು ಕೇಳಿದೆ. ಅದೇ ಪಟ್ಟಿಯಲ್ಲಿ ಸಣ್ಣ ಮಕ್ಕಳ ತಂದೆಯಂದಿರು, ದುಡಿಯುವ ತಾಯಂದಿರು ಇರುವುದಿಲ್ಲವೇ? ಸಮಾಜಕ್ಕೆ ಹೆಚ್ಚು ಉಪಯೋಗವಾಗುವವರಿಗೆ ಮೊದಲು ಕೊಡುವುದು ನ್ಯಾಯವಲ್ಲವೇ?
— ಓದುಗರು, ಉಡುಪಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಸಮಾಜಕ್ಕೆ ಯಾರು ಹೆಚ್ಚು ಬೇಕಾದವರು ಎಂಬುದು ಒಂದು. ಈ ಕಿಡ್ನಿ ಯಾರ ದೇಹದಲ್ಲಿ ಎಷ್ಟು ಕಾಲ ಉಪಯೋಗಕ್ಕೆ ಬಂದೀತು ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳುವ ಅಧಿಕಾರ ಯಾರಿಗೂ ಇರಬಾರದು. ಎರಡನೆಯದನ್ನು ಕೇಳಲೇಬೇಕು.

ಮೊದಲನೆಯದನ್ನು ಕೇಳಿ ನೋಡಿದ ಊರೊಂದಿದೆ. ಅಮೆರಿಕದ ಸಿಯಾಟಲ್‌ನಲ್ಲಿ 1960ರ ದಶಕದ ಆರಂಭದಲ್ಲಿ ದೀರ್ಘಕಾಲದ ಡಯಾಲಿಸಿಸ್ ಸಾಧ್ಯವಾಯಿತು, ಆದರೆ ಯಂತ್ರಗಳು ಕೆಲವೇ ಇದ್ದವು. ವೈದ್ಯಕೀಯವಾಗಿ ಅರ್ಹರಾದವರಲ್ಲಿ ಯಂತ್ರ ಯಾರಿಗೆ ಎಂದು ಆರಿಸಲು ಏಳು ಮಂದಿ ನಾಗರಿಕರ ಸಮಿತಿ ಮಾಡಿದರು. ಅವರೆಲ್ಲ ಒಳ್ಳೆಯ ಮನಸ್ಸಿನವರೇ. ಆದರೆ ರೋಗಿಯ ಉದ್ಯೋಗ, ವರಮಾನ, ಓದು, ಮದುವೆ, ಮಕ್ಕಳ ಸಂಖ್ಯೆ, ಚರ್ಚಿನ ಕೆಲಸದಲ್ಲಿ ತೊಡಗಿದ್ದಾನೆಯೇ ಎಂಬುದೆಲ್ಲ ಅವರ ಚರ್ಚೆಗೆ ಬಂತು. 1962ರ ನವೆಂಬರ್‌ನಲ್ಲಿ ಅಲ್ಲಿನ ವಾರಪತ್ರಿಕೆಯೊಂದರಲ್ಲಿ ಈ ವಿವರ ಪ್ರಕಟವಾದಾಗ, ಸಮಿತಿ ತನ್ನಂಥವರನ್ನೇ ಬದುಕಿಸುತ್ತಿದೆ ಎಂಬ ಟೀಕೆ ಎದ್ದಿತು. ಒಂಟಿಯಾಗಿ ಬದುಕುವವರು, ಕೆಲಸ ಕಳೆದುಕೊಂಡವರು, ಊರಿನವರಿಗೆ ಒಗ್ಗದವರು ಇಂಥ ಆಯ್ಕೆಯಲ್ಲಿ ಉಳಿಯುವುದಿಲ್ಲ. 1972ರಲ್ಲಿ ಅಲ್ಲಿನ ಸಂಸತ್ತು ಕಿಡ್ನಿ ವಿಫಲರಾದ ಬಹುತೇಕ ಎಲ್ಲರ ಡಯಾಲಿಸಿಸ್ ವೆಚ್ಚವನ್ನು ಸರ್ಕಾರವೇ ಭರಿಸುವ ಕಾನೂನು ಮಾಡಿದ ಮೇಲೆ ಅಂಥ ಆಯ್ಕೆಯ ಅಗತ್ಯ ಇಲ್ಲವಾಯಿತು. ಯಂತ್ರಗಳನ್ನು ಹೆಚ್ಚು ಮಾಡಬಹುದಿತ್ತು, ಮಾಡಿದರು. ಕಿಡ್ನಿಯನ್ನು ಹಾಗೆ ಕಾರ್ಖಾನೆಯಲ್ಲಿ ತಯಾರಿಸಲಾಗದು. ಆದ್ದರಿಂದ ಎರಡನೆಯ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ.

ಅಮೆರಿಕ 2014ರ ಡಿಸೆಂಬರ್‌ನಿಂದ ಅದಕ್ಕೊಂದು ಲೆಕ್ಕ ಹಾಕುತ್ತಿದೆ. ದಾನಿಯ ವಯಸ್ಸು, ರಕ್ತದೊತ್ತಡ, ಮಧುಮೇಹ, ಕಿಡ್ನಿಯ ಕೆಲಸ ತೋರಿಸುವ ಕ್ರಿಯೇಟಿನಿನ್ ಮೊದಲಾದವುಗಳಿಂದ ಕಿಡ್ನಿಗೊಂದು ಅಂಕ ಕೊಡುತ್ತಾರೆ. ರೋಗಿಯ ವಯಸ್ಸು, ಡಯಾಲಿಸಿಸ್‌ನಲ್ಲಿ ಕಳೆದ ಕಾಲ, ಮಧುಮೇಹ ಇದೆಯೇ, ಹಿಂದೆ ಅಂಗಾಂಗ ಕಸಿಯಾಗಿದೆಯೇ ಎಂಬ ನಾಲ್ಕೇ ಸಂಗತಿಗಳಿಂದ ರೋಗಿಗೊಂದು ಅಂಕ. ಅತ್ಯಂತ ಹೆಚ್ಚು ಕಾಲ ಬಾಳಬಹುದಾದ ಶೇ 20ರಷ್ಟು ಕಿಡ್ನಿಗಳು, ಕಸಿಯ ನಂತರ ಅತ್ಯಂತ ಹೆಚ್ಚು ಕಾಲ ಬದುಕಬಹುದಾದ ಶೇ 20ರಷ್ಟು ರೋಗಿಗಳಿಗೆ ಮೊದಲು ಸಲ್ಲುತ್ತವೆ. ಉಳಿದ ಕಿಡ್ನಿಗಳಿಗೆ ಕಾದ ಕಾಲವೇ ಮುಖ್ಯ ಅಳತೆ. ಯುರೋಪಿನ ಹಲವು ದೇಶಗಳ ಒಕ್ಕೂಟವಾದ ಯುರೋಟ್ರಾನ್ಸ್‌ಪ್ಲಾಂಟ್ 1999ರಿಂದ ಬೇರೆ ದಾರಿ ಹಿಡಿದಿದೆ. ಅಲ್ಲಿ 65 ದಾಟಿದ ದಾನಿಗಳ ಕಿಡ್ನಿ 65 ದಾಟಿದ ರೋಗಿಗಳಿಗೆ, ಅದೂ ಹತ್ತಿರದ ಊರಿನವರಿಗೆ, ಬೇಗನೆ ಹೋಗುತ್ತದೆ. ಇವುಗಳಲ್ಲಿ ಯಾವುದೂ ರೋಗಿ ಏನು ಕೆಲಸ ಮಾಡುತ್ತಾನೆ, ಅವನಿಗೆ ಎಷ್ಟು ಮಕ್ಕಳು ಎಂದು ಕೇಳುವುದಿಲ್ಲ.

ನಮ್ಮಲ್ಲಿ 65 ದಾಟಿದವರು ಮೃತ ದಾನಿಯ ಅಂಗಕ್ಕೆ ಹೆಸರು ಕೊಡುವಂತಿಲ್ಲ ಎಂಬ ಮಿತಿ ಇತ್ತು. 2023ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ತೆಗೆಯಿತು. ಆ ತೀರ್ಮಾನವನ್ನು ನಾನು ಒಪ್ಪುತ್ತೇನೆ. 64 ವರ್ಷ ಹನ್ನೊಂದು ತಿಂಗಳಿಗೆ ಅರ್ಹನಾಗಿದ್ದವನು ಹುಟ್ಟುಹಬ್ಬದ ಮರುದಿನ ಅನರ್ಹನಾಗುವುದಕ್ಕೆ ವೈದ್ಯಶಾಸ್ತ್ರದಲ್ಲಿ ಕಾರಣವಿಲ್ಲ. ಆದರೆ ಬಾಗಿಲು ತೆರೆದ ಮೇಲೆ, ಯಾವ ಕಿಡ್ನಿ ಯಾರಿಗೆ ಒಗ್ಗುತ್ತದೆ ಎಂಬ ಲೆಕ್ಕವನ್ನೂ ತರಬೇಕಿತ್ತು. ಇಪ್ಪತ್ತೆರಡರ ಹುಡುಗನ ಕಿಡ್ನಿ 68ರವರ ದೇಹದಲ್ಲಿ ಅವರ ಜೊತೆಗೇ ಮುಗಿಯುತ್ತದೆ, ಇನ್ನೂ ಎಷ್ಟೋ ವರ್ಷ ದುಡಿಯಬಹುದಾಗಿದ್ದರೂ. ಇಪ್ಪತ್ತೈದರ ರೋಗಿಗೆ ಹಳೆಯ ಕಿಡ್ನಿ ಹಾಕಿದರೆ ಆತ ಮೂವತ್ತೈದಕ್ಕೇ ಮತ್ತೆ ಪಟ್ಟಿಗೆ ಬರುತ್ತಾನೆ. ಹಾಗೆಂದು ಅಮೆರಿಕದ ಸೂತ್ರವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ನಮ್ಮ ದಾನಿಗಳಲ್ಲಿ ಹೆಚ್ಚಿನವರು ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದ ಯುವಕರು. ಎಳೆಯ ಕಿಡ್ನಿಗಳೆಲ್ಲ ಎಳೆಯರಿಗೇ ಎಂದು ಕಟ್ಟುನಿಟ್ಟು ಮಾಡಿದರೆ ಹಿರಿಯರ ಪಾಲಿಗೆ ಏನೂ ಉಳಿಯುವುದಿಲ್ಲ. ಒಂದು ಭಾಗವನ್ನು ಮಾತ್ರ ಹೀಗೆ ಹೊಂದಿಸಿ ಉಳಿದದ್ದನ್ನು ಕಾದ ಕಾಲಕ್ಕೆ ಬಿಡುವುದು ಸರಿಯೆಂದು ನನ್ನ ಅಭಿಪ್ರಾಯ.

*

ಪ್ರಶ್ನೆ: ಡಾಕ್ಟರೇ, ನನ್ನ ಯಜಮಾನರಿಗೆ ಕಿಡ್ನಿ ಕೊಡಬೇಕೆಂದು ಮನೆಯಲ್ಲಿ ಎಲ್ಲರೂ ನನಗೆ ಹೇಳುತ್ತಿದ್ದಾರೆ. ಅವರ ಇಬ್ಬರು ಅಣ್ಣಂದಿರು ರಕ್ತ ಪರೀಕ್ಷೆಗೂ ಬಂದಿಲ್ಲ. ಕೊಡಲು ನನಗೆ ಮನಸ್ಸಿಲ್ಲವೆಂದಲ್ಲ, ಹೆದರಿಕೆ ಇದೆ. ನಾಳೆ ನನ್ನ ಕಿಡ್ನಿಯೇ ಹೋದರೆ ನನಗೆ ಕೊಡುವವರು ಯಾರು?
— ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಅಮ್ಮಾ, ನಿಮ್ಮ ಹೆದರಿಕೆ ಸಹಜವಾದದ್ದು. ಅದನ್ನು ಕಸಿ ತಂಡದ ವೈದ್ಯರ ಮುಂದೆ, ಮನೆಯವರು ಯಾರೂ ಇಲ್ಲದಾಗ ಹೇಳಿ. ನಿಮ್ಮೊಬ್ಬರೊಡನೆ ಮಾತನಾಡಬೇಕೆಂದು ಕೇಳುವ ಹಕ್ಕು ನಿಮಗಿದೆ. ಎಲ್ಲ ಪರೀಕ್ಷೆ ಮುಗಿದು, ಸಹಿ ಹಾಕಿದ ಮೇಲೂ ಬೇಡವೆನ್ನಬಹುದು. ಹಾಗಾದಾಗ ಮನೆಯವರಿಗೆ ಕಾರಣ ವಿವರಿಸದೆ, ಇವರು ದಾನಕ್ಕೆ ಸೂಕ್ತರಲ್ಲ ಎಂದಷ್ಟೇ ತಿಳಿಸುವ ವೈದ್ಯರಿದ್ದಾರೆ.

ಅಪಾಯದ ಅಳತೆಯನ್ನು ಮರೆಮಾಚದೆ ಹೇಳುತ್ತೇನೆ. ಅಮೆರಿಕದ ದಾನಿಗಳ ಬಗ್ಗೆ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಅಂದಾಜಿನಂತೆ ಕಿಡ್ನಿ ಕೊಟ್ಟ ಹತ್ತು ಸಾವಿರ ಮಂದಿಯಲ್ಲಿ ಜೀವಮಾನದಲ್ಲಿ ಕಿಡ್ನಿ ವಿಫಲವಾಗುವುದು 90 ಮಂದಿಗೆ. ಅಷ್ಟೇ ಆರೋಗ್ಯವಂತರಾಗಿದ್ದು ಕೊಡದವರಲ್ಲಿ ಅದು 14. ಅಂದರೆ ಅಪಾಯ ಹೆಚ್ಚುವುದು ನಿಜ, ಒಟ್ಟು ಅಪಾಯ ಶೇ ಒಂದಕ್ಕಿಂತ ಕಡಿಮೆ ಎಂಬುದೂ ನಿಜ. ಬಿ.ಪಿ., ಸಕ್ಕರೆ ಕಾಯಿಲೆ, ಮೈತೂಕ ಇವನ್ನು ನೋಡಿ ನಿಮ್ಮ ಲೆಕ್ಕವನ್ನು ನಿಮ್ಮ ವೈದ್ಯರು ಹೇಳಬೇಕು. ಕೊಟ್ಟ ಮೇಲೂ ವರ್ಷಕ್ಕೊಮ್ಮೆ ನಿಮ್ಮ ಪರೀಕ್ಷೆ ನಡೆಯಬೇಕು.

ನಿಮಗೆ ಕೊಡುವವರು ಯಾರೆಂದು ಕೇಳಿದ್ದೀರಿ. ಹಿಂದೆ ಕಿಡ್ನಿ ಕೊಟ್ಟವರಿಗೆ ಮುಂದೆ ಕಸಿ ಬೇಕಾದರೆ ನಮ್ಮ ಮಾರ್ಗಸೂಚಿ ಐದು ಅಂಕ ಕೊಡುತ್ತದೆ. ತಿಂಗಳಿಗೊಂದು ಅಂಕದ ಪಟ್ಟಿಯಲ್ಲಿ ಇದು ಐದು ತಿಂಗಳು ಮುಂದೆ ಹೋದಂತೆ. ಅಮೆರಿಕದಲ್ಲಿ ಅಂಥವರಿಗೆ ನಾಲ್ಕು ಅಂಕ, ಆದರೆ ಅಲ್ಲಿ ಒಂದು ವರ್ಷ ಕಾದರೆ ಒಂದು ಅಂಕ, ಅಂದರೆ ನಾಲ್ಕು ವರ್ಷದ ಮುನ್ನಡೆ. ತನ್ನ ದೇಹದ ಒಂದು ಭಾಗ ಕೊಟ್ಟವಳಿಗೆ ಐದು ತಿಂಗಳ ಮುನ್ನಡೆ ತೀರ ಕಡಿಮೆ. ಇದನ್ನು ಹೆಚ್ಚಿಸಲೇಬೇಕು.

ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು, ಅಂಗಾಂಗ ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. 2025ರ ಆಗಸ್ಟ್‌ನಲ್ಲಿ ನೊಟ್ಟೊ ರಾಜ್ಯಗಳಿಗೆ ಕಳಿಸಿದ ಸಲಹೆಯಲ್ಲಿ, ಕಾಯುತ್ತಿರುವ ಮಹಿಳೆಯರಿಗೆ ಆದ್ಯತೆ ಕೊಡಬೇಕೆಂದು ಹೇಳಿರುವುದು ಇದೇ ಕಾರಣಕ್ಕೆ. ಇದರಲ್ಲಿ ದೇಹದ ಪಾತ್ರವೂ ಇದೆ. ಹೆರಿಗೆಯಾದ ಹೆಂಗಸಿನ ರಕ್ತದಲ್ಲಿ ಗಂಡನ ಅಂಗಾಂಶದ ವಿರುದ್ಧ ಪ್ರತಿಕಾಯಗಳು ಬೆಳೆದಿರಬಹುದು, ಏಕೆಂದರೆ ಹೊಟ್ಟೆಯಲ್ಲಿದ್ದ ಮಗುವಿನ ಅರ್ಧ ಗುಣ ತಂದೆಯದು. ಗಂಡ ಕೊಡಲು ಮುಂದೆ ಬಂದರೂ ಕ್ರಾಸ್‌ಮ್ಯಾಚ್ ಕೂಡದೆ ಹೋಗುವುದುಂಟು. ಪ್ರತಿಕಾಯ ಹೆಚ್ಚಿರುವವರಿಗೆ ಹೊಂದುವ ಕಿಡ್ನಿ ಸಿಗುವುದು ಬಹಳ ಅಪರೂಪ. ಅಂಥವರಿಗೆ ನಮ್ಮಲ್ಲಿ ಪ್ರತಿಕಾಯದ ಅಳತೆ (ನೂರು ದಾನಿಗಳಲ್ಲಿ ಎಷ್ಟು ಮಂದಿಯ ಕಿಡ್ನಿ ಹೊಂದದು ಎಂಬ ಅಂದಾಜು) ಶೇ 20 ದಾಟಿದ ಮೇಲೆ ಪ್ರತಿ ಶೇ 10ಕ್ಕೆ ಅರ್ಧ ಅಂಕ, ಎಲ್ಲ ಸೇರಿ ಹೆಚ್ಚೆಂದರೆ ನಾಲ್ಕು. ಅಮೆರಿಕದಲ್ಲಿ ಪ್ರತಿಕಾಯ ಶೇ 100ರ ಮಟ್ಟದಲ್ಲಿರುವವರಿಗೆ 202 ಅಂಕ, ಅಂದರೆ ಹೊಂದುವ ಕಿಡ್ನಿ ಎಲ್ಲೇ ಕಾಣಿಸಿದರೂ ಬಹುಮಟ್ಟಿಗೆ ಅದು ಅವರದೇ. ನಮ್ಮ ನಾಲ್ಕು ಅಂಕಗಳಲ್ಲಿ ಎರಡು ಹೆತ್ತ ತಾಯಿಯೊಬ್ಬಳ ಕಾಯುವಿಕೆ ಮುಗಿಯುವ ಭರವಸೆ ಕಾಣುವುದಿಲ್ಲ.

ಕೊನೆಗೊಂದು ಮಾತು. ಕಾನೂನು ಗಂಡ ಹೆಂಡತಿಯಂತೆಯೇ ಅಣ್ಣ ತಮ್ಮಂದಿರನ್ನೂ ಹತ್ತಿರದ ಸಂಬಂಧಿಕರೆಂದೇ ಎಣಿಸುತ್ತದೆ. ಭಾವಂದಿರು ಪರೀಕ್ಷೆಗೆ ಬರಲಿ ಎಂದು ವೈದ್ಯರ ಬಾಯಿಂದಲೇ ಹೇಳಿಸಿ.

*

ಪ್ರಶ್ನೆ: ನಮ್ಮ ಮನೆಯವರ ಕಿಡ್ನಿಯನ್ನು ದಾನ ಮಾಡುವಾಗ ನಮ್ಮೂರಿನ ಇಂಥವರಿಗೇ ಕೊಡಿ ಎಂದು ಷರತ್ತು ಹಾಕಬಹುದೇ?
— ಓದುಗರು, ಚಾಮರಾಜನಗರ

ಉತ್ತರ: ಹಾಕಲಾಗದು. ಪಟ್ಟಿಯ ಕ್ರಮವೇ ಅಂತಿಮ. ಯಾರಿಗೆ ಸಿಕ್ಕಿತೆಂದು ದಾನಿಯ ಮನೆಯವರಿಗೂ, ಯಾರದೆಂದು ಪಡೆದವರಿಗೂ ಹೇಳುವುದಿಲ್ಲ. 2021ರ ಜೂನ್‌ನಲ್ಲಿ ಅಪಘಾತಕ್ಕೀಡಾಗಿ ಮೆದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದಾಗಲೂ ಅವು ಇದೇ ವ್ಯವಸ್ಥೆಯ ಮೂಲಕವೇ ರೋಗಿಗಳನ್ನು ಸೇರಿದವು.

*

ಪ್ರಶ್ನೆ: ನನಗೆ 52 ವರ್ಷ. ಬಿ.ಪಿ. ಇದ್ದ 60 ವರ್ಷದ ದಾನಿಯ ಕಿಡ್ನಿ ನನಗೆ ಬಂದಿತ್ತು. ಅದು ಕೂಡಲೇ ಕೆಲಸ ಮಾಡದಿರಬಹುದು ಎಂದು ವೈದ್ಯರು ಹೇಳಿದ್ದರಿಂದ ಬೇಡವೆಂದೆ. ಒಳ್ಳೆಯ ಕಿಡ್ನಿಗಾಗಿ ಕಾಯುವುದು ಸರಿಯಲ್ಲವೇ?
— ಓದುಗರು, ಶಿವಮೊಗ್ಗ

ಉತ್ತರ: ಆ ಹೊತ್ತಿನಲ್ಲಿ ಬೇಡವೆನ್ನುವುದು ನಿಮ್ಮ ಹಕ್ಕು. ಮುಂದಿನ ಸಲ ಕರೆ ಬಂದಾಗ ನಿಮಗೆ ಈ ವಿಷಯಗಳು ಗೊತ್ತಿರಲಿ.

ದಾನಿಯ ದೇಹದಿಂದ ತೆಗೆದ ಕಿಡ್ನಿಯನ್ನು ವಿಶೇಷ ದ್ರವದಿಂದ ತೊಳೆದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಆಗ ಅದು ಬಿಳಿಚಿಕೊಂಡಿರುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ರೋಗಿಯ ಕಿಬ್ಬೊಟ್ಟೆಯ ರಕ್ತನಾಳಗಳಿಗೆ ಹೊಲಿದು, ರಕ್ತ ತಡೆದಿದ್ದ ಹಿಡಿಕೆ ಬಿಟ್ಟ ಕೂಡಲೇ ರಕ್ತ ನುಗ್ಗಿ ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿಯಾಗುತ್ತದೆ, ಕೆಲವೊಮ್ಮೆ ಮೇಜಿನ ಮೇಲೆಯೇ ಮೂತ್ರದ ಹನಿಗಳು ಬೀಳತೊಡಗುತ್ತವೆ. ಕೆಲವೊಮ್ಮೆ ಬೀಳುವುದಿಲ್ಲ. ಹೆಚ್ಚು ಹೊತ್ತು ತಣ್ಣಗಿದ್ದ, ಅಥವಾ ದಾನಿಯ ಕೊನೆಯ ಗಂಟೆಗಳಲ್ಲಿ ರಕ್ತದೊತ್ತಡ ಕುಸಿದು ನಲುಗಿದ ಕಿಡ್ನಿ ಎಚ್ಚರಗೊಳ್ಳಲು ಒಂದೆರಡು ವಾರ ತೆಗೆದುಕೊಳ್ಳಬಹುದು. ಅಷ್ಟು ದಿನ ಡಯಾಲಿಸಿಸ್ ಮುಂದುವರಿಯುತ್ತದೆ. ಹೀಗಾದ ಕಿಡ್ನಿಗಳ ಬಾಳಿಕೆ ಸರಾಸರಿಯಲ್ಲಿ ಸ್ವಲ್ಪ ಕಡಿಮೆ, ಆದರೂ ಬಹುಪಾಲು ಚೇತರಿಸಿಕೊಂಡು ವರ್ಷಗಟ್ಟಲೆ ಕೆಲಸ ಮಾಡುತ್ತವೆ.

ನೀವು ತೂಗಬೇಕಾದದ್ದು ಈ ಕಿಡ್ನಿಯನ್ನೂ ಇನ್ನೊಂದು ಉತ್ತಮ ಕಿಡ್ನಿಯನ್ನೂ ಅಲ್ಲ, ಈ ಕಿಡ್ನಿಯನ್ನೂ ಇನ್ನಷ್ಟು ವರ್ಷದ ಡಯಾಲಿಸಿಸ್ ಅನ್ನೂ. ಅಮೆರಿಕದಲ್ಲಿ ಕಸಿಯಾದವರನ್ನು, ಪಟ್ಟಿಯಲ್ಲಿದ್ದು ಕಾಯುತ್ತಿದ್ದವರ ಜೊತೆ ಹೋಲಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಕಸಿಯಾದ ಮೊದಲ ಎರಡು ವಾರದಲ್ಲಿ ಸಾವಿನ ಅಪಾಯ ಕಾಯುವವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಬದುಕುಳಿಯುವ ಪ್ರಮಾಣ ಸುಮಾರು ಎಂಟು ತಿಂಗಳಲ್ಲಿ ಸಮವಾಯಿತು. ದೀರ್ಘಾವಧಿಯಲ್ಲಿ ಕಸಿಯಾದವರ ಅಪಾಯ ಕಾಯುವವರಿಗಿಂತ ಶೇ 68ರಷ್ಟು ಕಡಿಮೆಯಿತ್ತು. ಎಲ್ಲ ಕಿಡ್ನಿಗಳೂ ಒಂದೇ ಅಲ್ಲವಾದರೂ, ಐವತ್ತು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು, ಆದರ್ಶ ಕಿಡ್ನಿಗಾಗಿ ಕಾಯುತ್ತಾ ಕಸಿಗೇ ಅನರ್ಹರಾಗುವ ಸಂಭವ ಹೆಚ್ಚು.

ಕಿಡ್ನಿ ಎಷ್ಟು ವರ್ಷ ಉಳಿಯುತ್ತದೆಂಬುದರಲ್ಲಿ ದಾನಿಯ ವಯಸ್ಸಿಗಿಂತ ನಿಮ್ಮ ಕೈಯಲ್ಲಿರುವ ಒಂದು ಸಂಗತಿಯಿದೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮೊದಲಾದ ಮಾತ್ರೆಗಳನ್ನು ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ, ದಿನಕ್ಕೆರಡು ಹೊತ್ತು, ಗಡಿಯಾರ ನೋಡಿಕೊಂಡು ನುಂಗಬೇಕು. ಚೆನ್ನಾಗಿದ್ದೇನೆಂದು, ಅಥವಾ ದುಡ್ಡು ಸಾಲದೆಂದು ಮಾತ್ರೆ ಬಿಟ್ಟು ಕಿಡ್ನಿ ಕಳೆದುಕೊಳ್ಳುವವರನ್ನು ನೋಡುವುದು ನಮ್ಮ ವೃತ್ತಿಯಲ್ಲಿ ಅತ್ಯಂತ ಸಂಕಟದ ಗಳಿಗೆ. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ನೆರವು ಸಿಗುತ್ತದೆ. ಕಸಿಯ ದಿನಕ್ಕೆ ಮುಂಚೆಯೇ ಅದರ ಕಾಗದಪತ್ರ ಮುಗಿಸಿಡಿ.

*

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ, ಅಪ್ಪ ಅಮ್ಮ ಮೈಸೂರಿನಲ್ಲಿದ್ದಾರೆ. ಇಲ್ಲಿರುವಂತೆ ಭಾರತಕ್ಕೆಲ್ಲ ಒಂದೇ ಪಟ್ಟಿ ಏಕಿಲ್ಲ? ಒಂದು ದೇಶಕ್ಕೆ ಒಂದೇ ಪಟ್ಟಿ ಇದ್ದರೆ ನ್ಯಾಯವಲ್ಲವೇ?
— ಓದುಗರು, ನ್ಯೂಜೆರ್ಸಿ

ಉತ್ತರ: ನಿಮ್ಮಲ್ಲೂ ಅಲಾಸ್ಕಾದಿಂದ ಫ್ಲಾರಿಡಾದವರೆಗೆ ಒಂದೇ ಸಾಲಿಲ್ಲ. 2021ರ ಮಾರ್ಚ್‌ನಿಂದ ದಾನಿಯ ಆಸ್ಪತ್ರೆಯ ಸುತ್ತ 250 ನಾಟಿಕಲ್ ಮೈಲಿ ವೃತ್ತದೊಳಗಿನವರಿಗೆ ಸಾಮಾನ್ಯವಾಗಿ ಮೊದಲ ಅವಕಾಶ. ಕಿಡ್ನಿ ಇಪ್ಪತ್ತನಾಲ್ಕು ಗಂಟೆಯೊಳಗೆ ದೇಹ ಸೇರಿದರೆ ಒಳ್ಳೆಯದು, ಆದ್ದರಿಂದ ದೂರಕ್ಕೆ ಎಲ್ಲೆಡೆಯೂ ಲೆಕ್ಕವಿದೆ. ಭಾರತದಲ್ಲಿ ಹೆಸರು ನೋಂದಾಯಿಸಲು ಆ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ಷರತ್ತನ್ನು 2023ರಲ್ಲಿ ಕೈಬಿಡುವಂತೆ ಕೇಂದ್ರ ಸೂಚಿಸಿತು, ನೋಂದಣಿ ಶುಲ್ಕ ಪಡೆಯಬಾರದೆಂದೂ ಹೇಳಿತು. ಎರಡೂ ಒಳ್ಳೆಯ ಹೆಜ್ಜೆಗಳೇ.

ಅಮೆರಿಕದಿಂದ ನಾವು ಕಲಿಯಬೇಕಾದದ್ದು ಬೇರೆಯಿದೆ. ಅಲ್ಲಿ ಪ್ರತಿ ಕಸಿ ಕೇಂದ್ರದ ಫಲಿತಾಂಶ, ಎಷ್ಟು ರೋಗಿಗಳು ಕಾಯುತ್ತಾ ತೀರಿಕೊಂಡರು, ಎಷ್ಟು ಕಿಡ್ನಿ ಒಂದು ವರ್ಷ ಉಳಿದವು ಎಂಬುದು ಆರು ತಿಂಗಳಿಗೊಮ್ಮೆ ಎಲ್ಲರೂ ಓದುವಂತೆ ಪ್ರಕಟವಾಗುತ್ತದೆ. ಅಂಕಿಅಂಶ ಬಯಲಲ್ಲಿದ್ದರೆ ತಪ್ಪು ಕಾಣುತ್ತದೆ. ಕಿಡ್ನಿಯ ಸಾಮರ್ಥ್ಯ ಅಳೆಯುವ ಸೂತ್ರದಲ್ಲಿ ಕಪ್ಪು ಜನಾಂಗದವರಿಗೆ ಪ್ರತ್ಯೇಕ ಗುಣಕ ಹಾಕುತ್ತಿದ್ದುದರಿಂದ ಅವರ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿದೆಯೆಂದು ತೋರಿ, ಅವರು ಪಟ್ಟಿಗೆ ತಡವಾಗಿ ಸೇರುತ್ತಿದ್ದರು. 2022ರಲ್ಲಿ ಆ ಗುಣಕವನ್ನು ಬಳಸಬಾರದೆಂದು ಕಡ್ಡಾಯ ಮಾಡಿದರು. ಮುಂದಿನ ವರ್ಷ, ಅದರಿಂದ ಕಳೆದುಹೋದ ಕಾಲವನ್ನು ಆ ರೋಗಿಗಳ ಲೆಕ್ಕಕ್ಕೆ ಮರಳಿ ಸೇರಿಸತೊಡಗಿದರು. ನಮ್ಮಲ್ಲಿ ಯಾವ ಜಿಲ್ಲೆಯವರು, ಯಾವ ವರಮಾನದವರು, ಎಷ್ಟು ಹೆಂಗಸರು ಪಟ್ಟಿಗೇ ಸೇರದೆ ಉಳಿಯುತ್ತಿದ್ದಾರೆ ಎಂಬ ಲೆಕ್ಕವನ್ನು ಹೀಗೆ ಆಸ್ಪತ್ರೆವಾರು ಜನರ ಮುಂದಿಡುವ ಪದ್ಧತಿ ಬೆಳೆದಿಲ್ಲ. ಪಟ್ಟಿಯೊಳಗಿನ ಅಂಕಗಳ ಬಗ್ಗೆ ನಾವು ಎಷ್ಟು ಚರ್ಚಿಸಿದರೂ, ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾ, ಕಸಿಗೆ ಹೆಸರು ಕೊಡಬಹುದೆಂದು ಯಾರಿಂದಲೂ ಕೇಳಿರದವರಿಗೆ ಆ ಅಂಕಗಳಿಂದ ಪ್ರಯೋಜನವಿಲ್ಲ. ಅನ್ಯಾಯ ಹೆಚ್ಚು ನಡೆಯುವುದು ಪಟ್ಟಿಯ ಬಾಗಿಲಲ್ಲಿ, ಅದರ ಒಳಗಲ್ಲ.

ದಾನವೂ ಸಾಲದು. 2023ರಲ್ಲಿ ಇಡೀ ದೇಶದ ಮೃತ ದಾನಿಗಳ ಸಂಖ್ಯೆ ಮೊದಲ ಬಾರಿಗೆ ಸಾವಿರ ದಾಟಿ 1,099 ಆಯಿತು. ಅದರಲ್ಲಿ ಕರ್ನಾಟಕದ ಪಾಲು 178.

*

ಪ್ರಶ್ನೆ: ನಮ್ಮ ತಂದೆಯ ಹೆಸರು ಪಟ್ಟಿಗೆ ಸೇರಿದೆ. ಕಾಯುವ ಕಾಲದಲ್ಲಿ ನಾವು ಮಾಡಬೇಕಾದದ್ದು ಏನಾದರೂ ಇದೆಯೇ, ಸುಮ್ಮನೆ ಇರಬೇಕೇ?
— ಓದುಗರು, ಕಲಬುರಗಿ

ಉತ್ತರ: ಮಾಡಬೇಕಾದದ್ದು ಬಹಳವಿದೆ. ಮೂರು ಫೋನ್ ನಂಬರ್ ಕೊಡಿ, ಅದರಲ್ಲಿ ಒಂದಾದರೂ ರಾತ್ರಿ ಎತ್ತುವಂಥದ್ದಿರಲಿ, ನಂಬರ್ ಬದಲಾದರೆ ಅದೇ ದಿನ ತಿಳಿಸಿ. ಹೃದಯದ ಪರೀಕ್ಷೆ, ಹೆಪಟೈಟಿಸ್ ಬಿ ಲಸಿಕೆ, ಹಲ್ಲಿನ ಸೋಂಕಿನ ಚಿಕಿತ್ಸೆ ಮುಗಿದಿರಲಿ. ಇವುಗಳಲ್ಲಿ ಒಂದು ಬಾಕಿಯಿದ್ದರೂ ಕರೆ ಬಂದ ರಾತ್ರಿ ಸರದಿ ತಪ್ಪಬಹುದು. ರಕ್ತ ಏರಿಸಿಕೊಂಡಾಗಲೆಲ್ಲ ಹೊಸ ಪ್ರತಿಕಾಯಗಳು ಬೆಳೆಯುವ ಸಂಭವವಿರುವುದರಿಂದ, ಹಿಮೋಗ್ಲೋಬಿನ್ ಇಳಿದರೆ ರಕ್ತದ ಬದಲು ಎರಿಥ್ರೊಪೊಯೆಟಿನ್ (ರಕ್ತಕಣ ಹೆಚ್ಚಿಸುವ) ಇಂಜೆಕ್ಷನ್ ಮತ್ತು ಕಬ್ಬಿಣಾಂಶದಿಂದ ಸರಿಹೋಗುತ್ತದೆಯೇ ಎಂದು ಡಯಾಲಿಸಿಸ್ ಕೇಂದ್ರದ ವೈದ್ಯರನ್ನು ಮೊದಲೇ ಕೇಳಿ. ಏರಿಸಿದ್ದಾದರೆ ಕಸಿ ಆಸ್ಪತ್ರೆಗೆ ತಿಳಿಸಿ. ಜ್ವರ ಬಂದು ಆಸ್ಪತ್ರೆಗೆ ಸೇರಿದರೂ ತಿಳಿಸಿ, ಗುಣವಾದ ಮೇಲೆ ಹೆಸರನ್ನು ಮತ್ತೆ ಸಕ್ರಿಯಗೊಳಿಸಿದ್ದಾರೆಯೇ ಎಂದು ನೀವೇ ಖಚಿತಪಡಿಸಿಕೊಳ್ಳಿ.

ಕಲಬುರಗಿಯಿಂದ ರಾತ್ರಿ ಹೊರಡಲು ಯಾವ ವಾಹನ, ಜೊತೆಗೆ ಯಾರು, ಕೈಯಲ್ಲಿ ಎಷ್ಟು ಹಣ ಎಂಬುದನ್ನು ಇವತ್ತೇ ಮಾತಾಡಿಕೊಳ್ಳಿ. ನಿಮ್ಮ ಆಸ್ಪತ್ರೆ ಯಾವ ವಲಯಕ್ಕೆ ಸೇರಿದೆ, ಇನ್ನೂ ಹತ್ತಿರದ ವಲಯದಲ್ಲಿ ಕಸಿ ಮಾಡುವ ಆಸ್ಪತ್ರೆ ಇದೆಯೇ ಎಂದು ಜೀವಸಾರ್ಥಕತೆಯಲ್ಲಿ ವಿಚಾರಿಸಿ. ತಂದೆಯವರ ನೋಂದಣಿ ಸಂಖ್ಯೆಯನ್ನು ಡಯಾಲಿಸಿಸ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.